ಮರಳಲ್ಲಿ ಮಲಗಿ ಲಾರಿ ಎಣಿಸಿದವರು

ಹೋದ ಭಾನುವಾರ ಮಗನನ್ನು ಕರೆದುಕೊಂಡು ಇಲ್ಲೇ ದಕ್ಷಿಣ ಇಂಗ್ಲೆಂಡಿನಲ್ಲಿ ನಡೆದ ಹಳೆಯ ಸೇನಾ ವಾಹನಗಳ ಮೇಳಕ್ಕೆ ಹೋಗಿದ್ದೆ. ಟ್ಯಾಂಕ್ ನೋಡಲೇಬೇಕು ಅಂತ ಅವನ ಹಟ. ಟ್ಯಾಂಕ್ ನೋಡಿದ್ದೂ ಆಯಿತು. ಆದರೆ ನಮ್ಮಿಬ್ಬರನ್ನೂ ಎರಡು ಗಂಟೆ ಹಿಡಿದು ನಿಲ್ಲಿಸಿದ್ದು ಮೂಲೆಯಲ್ಲಿದ್ದ ಒಂದು ಶೆವರ್ಲೆ ಲಾರಿ. ಬಾಗಿಲಿಲ್ಲ, ಮೇಲೆ ಚಾವಣಿ ಇಲ್ಲ, ಮುಂದಿನ ಗಾಜೂ ಇಲ್ಲ. ಪಕ್ಕಕ್ಕೆ ಉದ್ದನೆಯ ಕಬ್ಬಿಣದ ಹಲಗೆಗಳನ್ನು ಕಟ್ಟಿದ್ದರು. ಸುತ್ತ ಐದಾರು ಜನ, ಎಲ್ಲರೂ 1942ರ ಉಡುಪಿನಲ್ಲಿ.

ಅವರು ಹಾಕಿದ್ದು ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್‌ನವರ ಪಾತ್ರ. ಎರಡನೇ ಮಹಾಯುದ್ಧದಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರಳುಗಾಡಿನೊಳಗೆ ಶತ್ರುವಿನ ಬೆನ್ನ ಹಿಂದಕ್ಕೆ ಹೋಗಿ, ನೋಡಿ, ಸುದ್ದಿ ಕಳಿಸುತ್ತಿದ್ದ ಬ್ರಿಟಿಷ್ ಸೇನೆಯ ದಳ. ಲಿಬಿಯಾ ಆಗ ಇಟಲಿಯ ಕೈಯಲ್ಲಿತ್ತು, 1940ರ ಜೂನ್‌ನಲ್ಲಿ ಇಟಲಿ ಬ್ರಿಟನ್ನಿನ ವಿರುದ್ಧ ಯುದ್ಧಕ್ಕಿಳಿಯಿತು. ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಅಧಿಕಾರಿ ಯುದ್ಧಕ್ಕೆ ಮೊದಲೇ ರಜೆ ಸಿಕ್ಕಾಗಲೆಲ್ಲ ಫೋರ್ಡ್ ಕಾರಿನಲ್ಲಿ ಆ ಮರಳುಗಾಡು ಸುತ್ತಿದ್ದವರು. ಅಲ್ಲಿನ ಬ್ರಿಟಿಷ್ ಸೇನೆಯ ಮುಖ್ಯಸ್ಥ ಜನರಲ್ ವೇವೆಲ್ ಅವರ ಹತ್ತಿರ ಹೋಗಿ ಇಂಥದ್ದೊಂದು ದಳ ಬೇಕು ಅಂದರು. ಒಪ್ಪಿಗೆ ಸಿಕ್ಕಿತು. ಮೊದಲು ಸೇರಿದವರಲ್ಲಿ ಹೆಚ್ಚಿನವರು ನ್ಯೂಜಿಲೆಂಡಿನ ಹುಡುಗರು.

ಆ ಗುಂಪಿನ ಒಬ್ಬ ಹಿರಿಯರು ಮಗನನ್ನು ಲಾರಿಯ ರೇಡಿಯೇಟರ್ ಹತ್ತಿರ ಕರೆದುಕೊಂಡು ಹೋದರು. ಅದರಿಂದ ಒಂದು ಪೈಪ್ ಹೊರಟು ಪಕ್ಕದ ಡಬ್ಬಿಗೆ ಬರುತ್ತದೆ. ಡಬ್ಬಿಯಲ್ಲಿ ಅರ್ಧ ನೀರು. ರೇಡಿಯೇಟರ್ ಕುದಿದಾಗ ಆವಿ ಗಾಳಿಗೆ ಹೋಗದೆ ಡಬ್ಬಿಗೆ ಇಳಿದು ನೀರಾಗುತ್ತದೆ. ಎಂಜಿನ್ ತಣ್ಣಗಾದ ಮೇಲೆ ಅದೇ ನೀರನ್ನು ರೇಡಿಯೇಟರ್ ವಾಪಸ್ ಎಳೆದುಕೊಳ್ಳುತ್ತದೆ. ಒಂದು ಹನಿಯೂ ದಂಡವಾಗದ ಏರ್ಪಾಡು. ಲಾರಿಯ ಕಬ್ಬಿಣದ ಹತ್ತಿರ ಸಾಮಾನ್ಯ ದಿಕ್ಸೂಚಿ ತಪ್ಪು ತೋರಿಸುತ್ತದಲ್ವಾ, ಅದಕ್ಕೆ ಬ್ಯಾಗ್ನೋಲ್ಡ್ ಸೂರ್ಯನ ದಿಕ್ಸೂಚಿ ಮಾಡಿಸಿದ್ದರು. ಡಿಗ್ರಿ ಗೆರೆ ಹಾಕಿದ ತಟ್ಟೆ, ನಡುವೆ ಒಂದು ಕಡ್ಡಿ. ಕಡ್ಡಿಯ ನೆರಳನ್ನು ಬೇಕಾದ ಗೆರೆಯ ಮೇಲೆ ಇಟ್ಟುಕೊಂಡು ಗಾಡಿ ಓಡಿಸಬೇಕು. ಹೊತ್ತು ಸರಿದಂತೆ ತಟ್ಟೆಯನ್ನೂ ತಿರುಗಿಸುತ್ತಾ ಇರಬೇಕು. ರಾತ್ರಿಯಾದರೆ ನಕ್ಷತ್ರ ನೋಡಿ ತಾವಿರುವ ಜಾಗ ಲೆಕ್ಕ ಹಾಕುತ್ತಿದ್ದರು. ಮಗ ಆ ತಟ್ಟೆಯನ್ನು ಕೈಯಿಂದ ಬಿಡಲೇ ಇಲ್ಲ.

ನಾನು ಈ ಪೋಸ್ಟ್ ಬರೆಯೋಕೆ ಕಾರಣ ಮಧ್ಯಾಹ್ನ ನಡೆದದ್ದು. ಮೈದಾನದ ನಡುವೆ ಒಂದು ಅಣಕು ಕದನ ಶುರುವಾಯಿತು. ಮದ್ದಿನ ಸದ್ದು, ಹೊಗೆ, ಬಿದ್ದು ಹೊರಳುವವರು, ಚಪ್ಪಾಳೆ. ನನಗೆ ಇದು ಮೊದಲಿನಿಂದಲೂ ಹಿಡಿಸಿದ್ದಲ್ಲ. ಯಾರದೋ ಸಾವನ್ನು ಐಸ್‌ಕ್ರೀಮ್ ತಿನ್ನುತ್ತಾ ನೋಡುವುದು ಹೇಗೆ ಗೌರವವಾಗುತ್ತದೆ? ಆದರೆ ಈ ಲಾರಿಯವರು ಕದನಕ್ಕೆ ಇಳಿಯಲಿಲ್ಲ. ಯಾಕೆ ಅಂತ ಕೇಳಿದೆ. ಹಿರಿಯರು ನನ್ನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಹುಲ್ಲಿನಲ್ಲಿ ಇಬ್ಬರು ಹೊಟ್ಟೆಯ ಮೇಲೆ ಮಲಗಿದ್ದರು. ಮೈಮೇಲೆ ಕುರಿ ಚರ್ಮದ ಕೋಟು. ಒಬ್ಬರ ಕೈಯಲ್ಲಿ ದುರ್ಬೀನು, ಇನ್ನೊಬ್ಬರ ಕೈಯಲ್ಲಿ ಪೆನ್ಸಿಲ್ ಮತ್ತು ನೋಟ್‌ಬುಕ್. ಮೇಳಕ್ಕೆ ಬರುವ ಒಂದೊಂದು ಗಾಡಿಯನ್ನೂ ಬೆಳಿಗ್ಗೆಯಿಂದ ಎಣಿಸುತ್ತಿದ್ದರು. ನಾವೂ ಅದೇ ದಾರಿಯಲ್ಲಿ ಬಂದಿದ್ದೆವು. ನಮ್ಮ ಕಣ್ಣಿಗೆ ಯಾರೂ ಬಿದ್ದಿರಲಿಲ್ಲ.

ಆ ದಳದ ಅತಿ ದೊಡ್ಡ ಕೆಲಸ ಇದೇ. 1942ರ ಮಾರ್ಚ್‌ನಿಂದ ಜುಲೈವರೆಗೆ, ಟ್ರಿಪೋಲಿಯಿಂದ ಬೆಂಗಾಝಿಗೆ ಹೋಗುವ ರಸ್ತೆಯ ಪಕ್ಕ, ಇಟಲಿಯವರು ಕಟ್ಟಿದ್ದ ದೊಡ್ಡ ಕಮಾನಿನ ಹತ್ತಿರ, ಹಗಲೂ ರಾತ್ರಿ ಇಬ್ಬರಿಬ್ಬರಂತೆ ಮಲಗಿ ಜರ್ಮನ್ ಸೇನಾಪತಿ ರೊಮೆಲ್‌ನ ಸೈನ್ಯದ ಗಾಡಿಗಳನ್ನು ಎಣಿಸಿದರು. ಲಾರಿಗಳು ದೂರದ ಹಳ್ಳದಲ್ಲಿ ಬಲೆ ಹೊದ್ದು ಅಡಗಿರುತ್ತಿದ್ದವು. ಬೆಳಕು ಹರಿಯುವ ಮೊದಲು ಇಬ್ಬರು ನಡೆದು ಬಂದು ರಸ್ತೆಯಿಂದ ಕೆಲವು ನೂರು ಗಜ ದೂರದಲ್ಲಿ ಮಲಗಬೇಕು. ಅಲ್ಲಿ ಮರವಿಲ್ಲ, ಬಂಡೆಯಿಲ್ಲ. ಕತ್ತಲಾಗುವವರೆಗೆ ಏಳುವ ಹಾಗಿಲ್ಲ. ಕತ್ತಲಾದ ಮೇಲೆ ರಸ್ತೆಗೆ ಇನ್ನೂ ಹತ್ತಿರ ಸರಿದು, ಸದ್ದು ಮತ್ತು ಆಕಾರದ ಮೇಲೆ ಇದು ಟ್ಯಾಂಕೋ, ಲಾರಿಯೋ ಅಂತ ಗುರುತಿಸಬೇಕು. ಮಾರನೇ ದಿನ ಬೇರೆ ಇಬ್ಬರು. ಬೇಸಿಗೆಯಲ್ಲಿ ಆ ಬಿಸಿಲನ್ನು ನೆನೆಸಿಕೊಳ್ಳಿ. ಗುಂಡು ಹಾರಿಸುವ ಮಾತೇ ಇಲ್ಲ. ಒಂದು ಗುಂಡು ಹಾರಿಸಿದರೆ ಅಷ್ಟು ದಿನದ ಕೆಲಸ ಹಾಳು. ಈ ಲೆಕ್ಕ ವೈರ್‌ಲೆಸ್ ಮೂಲಕ ಕೈರೋದ ಬ್ರಿಟಿಷ್ ಕೇಂದ್ರ ಕಚೇರಿಗೆ ಹೋಗುತ್ತಿತ್ತು.

ಇಂಥವರನ್ನು ಸದ್ದು ಹೊಗೆಯಲ್ಲಿ ತೋರಿಸಿದರೆ ಅದು ಅವರ ಕಥೆಯೇ ಅಲ್ಲ. ಇಡೀ ದಿನ ಅಲುಗಾಡದೆ ಮಲಗುವುದು ಎಷ್ಟು ಕಷ್ಟ ಅಂತ ಮೈಯಲ್ಲೇ ತಿಳಿದುಕೊಂಡು, ಅದನ್ನು ಒಬ್ಬ ಹತ್ತು ವರ್ಷದ ಹುಡುಗನಿಗೆ ಹೇಳುವುದಿದೆಯಲ್ಲ, ನನ್ನ ಮಟ್ಟಿಗೆ ಗೌರವ ಅಂದರೆ ಅದು. ಅವರಲ್ಲಿ ಯಾರೂ ಪದಕ ಹಾಕಿಕೊಂಡಿರಲಿಲ್ಲ ಅನ್ನುವುದನ್ನೂ ಗಮನಿಸಿದೆ. ಗೆದ್ದವರ ಎದೆಯ ಮೇಲೆ ಇರಬೇಕಾದದ್ದು ನಮಗೆ ಯಾಕೆ, ಅಂದರು.

ಅಲ್ಲೇ ನಿಂತಿದ್ದಾಗ ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನೆನಪಾಯಿತು. ನಮ್ಮ ಸಂಸ್ಥಾನದ ಕುದುರೆ ದಳ. ಮೊದಲ ಮಹಾಯುದ್ಧದಲ್ಲಿ ಸೂಯೆಜ್ ಕಾಲುವೆ ಕಾದು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಗೆದ್ದವರು. ಆ ಕಲ್ಲಿನ ಪಕ್ಕದಲ್ಲಿ ನಾನು ನೂರಾರು ಸಲ ಹೋಗಿದ್ದೇನೆ. ಮರಳಲ್ಲಿ ಕುದುರೆಗೆ ನೀರು ಹೇಗೆ ಕುಡಿಸಿದರು, ಗಸ್ತಿಗೆ ಹೋದವನು ರಾತ್ರಿ ಏನು ತಿಂದ, ಒಂದೂ ಗೊತ್ತಿಲ್ಲ. ಕಲ್ಲು ಹೆಸರು ಹೇಳುತ್ತದೆ, ಕೆಲಸ ಹೇಳುವುದಿಲ್ಲ.

ಒಂದು ಕೊರತೆಯನ್ನು ಅವರಿಗೆ ನೇರವಾಗಿಯೇ ಹೇಳಿದೆ. ಈ ಮರಳುಗಾಡಿನ ದಳದ ಜೊತೆ ಭಾರತೀಯರೂ ಇದ್ದರು. ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್ ಅಂತ ಹೆಸರು. ನಮ್ಮ ಅಶ್ವದಳಗಳಿಂದ ಆರಿಸಿ ತಂದ ಜಾಟರು, ರಜಪೂತರು, ಸಿಖ್ಖರು, ಮುಸಲ್ಮಾನರು. ಅವರ ಗಸ್ತು ತಂಡಗಳಿಗೂ ಇದೇ ಹೆಸರುಗಳು. ಇಂಗ್ಲೆಂಡಿನಲ್ಲಿ ಇಷ್ಟು ಜನ ಪಂಜಾಬಿಗಳಿದ್ದಾರೆ, ಆ ಮೈದಾನದಲ್ಲಿ ಮಾತ್ರ ಒಂದು ಪೇಟವೂ ಕಾಣಲಿಲ್ಲ. ಆ ನೆಲ ಯಾರದೋ ಆ ಲಿಬಿಯಾದವರ ಬಗ್ಗೆಯೂ ಒಂದು ಮಾತಿರಲಿಲ್ಲ. ಹಿರಿಯರು ಸಿಟ್ಟಾಗಲಿಲ್ಲ. ನಮಗೂ ಗೊತ್ತಿದೆ, ಬರುವವರು ಬೇಕು, ಅಂದರು.

ಅದಕ್ಕೇ ಆಫೀಸಿನ ಪಂಜಾಬಿ ಗೆಳೆಯನನ್ನು ಕೇಳಿದೆ. ಅವನ ತಾತನೂ ಅಶ್ವದಳದಲ್ಲಿದ್ದರಂತೆ. ಮುಂದಿನ ಮೇಳಕ್ಕೆ ಅವನು ಬರುತ್ತಾನೆ. ನಾನು ಉಡುಪು ಹಾಕುವುದಿಲ್ಲ. ಲಾರಿಯ ಪಕ್ಕ ನಿಂತು ಭಾರತೀಯರ ದಳದ ಬಗ್ಗೆ ಹೇಳುವ ಕೆಲಸ ನನ್ನದು. ಮಗ ನೋಟ್‌ಬುಕ್ ಹಿಡಿದು ಎಣಿಸುವವರ ಪಕ್ಕ ಒಂದು ಗಂಟೆ ಮಲಗುತ್ತಾನಂತೆ, ಈಗಲೇ ಮನೆ ಕಿಟಕಿಯಲ್ಲಿ ಕೂತು ಅಭ್ಯಾಸ ಶುರು ಮಾಡಿದ್ದಾನೆ. ಇಲ್ಲಿರುವ ಕನ್ನಡಿಗರಲ್ಲಿ ಯಾರಿಗಾದರೂ ಆಸಕ್ತಿಯಿದ್ದರೆ ಮೆಸೇಜ್ ಮಾಡಿ. ಕೋಟು ಅವರೇ ಕೊಡುತ್ತಾರೆ.