ಎಲ್ಲಿಂದ ಬಂದೆ ಅಂತಲ್ಲ ಮಾರಾಯ್ರೇ, ಎಲ್ಲಿಗೆ ಹೋಗಿದ್ದೆ ಅಂತ ಕೇಳಿ

ಬೆಳಗ್ಗೆಯಿಂದ ಮೈ ಉರಿಯುತ್ತಿದೆ. ಜ್ವರ ನನಗಲ್ಲ, ನಮ್ಮ ಗೋಡೌನಿನ ಹುಡುಗನಿಗೆ. ನನ್ನದು ಬರೀ ಸಿಟ್ಟು.

ಗೋವಾದ ಪೋಂಡಾದಲ್ಲಿರುವ ನನ್ನ ಟೈಲ್ಸ್ ಅಂಗಡಿಗೆ ಬಂದವರೆಲ್ಲ ಅವನನ್ನು ನೋಡಿರುತ್ತೀರಿ. ಸವದತ್ತಿ ಕಡೆಯವನು, ಇನ್ನೂ ಇಪ್ಪತ್ತೈದು ದಾಟಿಲ್ಲ. ಗ್ರಾನೈಟ್ ಚಪ್ಪಡಿಯನ್ನು ಮಲಗಿದ ಮಗುವನ್ನು ಎತ್ತುವಷ್ಟು ಹುಷಾರಾಗಿ ಎತ್ತಿಡುತ್ತಾನೆ. ನಾಲ್ಕು ದಿನದಿಂದ ಜ್ವರ, ಕಣ್ಣು ಕೆಂಡ, ಹಣೆ ಒಡೆದುಹೋಗುವಂಥ ನೋವು. ಇವತ್ತು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಯಾವ ಆಸ್ಪತ್ರೆ ಅಂತ ಕಮೆಂಟಿನಲ್ಲಿ ಕೇಳಬೇಡಿ, ಹೇಳುವುದಿಲ್ಲ. ನಾಳೆಯೂ ಅಲ್ಲಿಗೇ ಹೋಗಬೇಕು.

ಚೀಟಿ ಬರೆಯುವವನು ತಲೆ ಎತ್ತದೆ ಕೇಳಿದ, "ತುಂ ಖಂಯ್ಚೊ?" ಎಲ್ಲಿಯವನು ನೀನು. ಹುಡುಗ ಸವದತ್ತಿ ಅಂದ. ಹೆಲ್ತ್ ಕಾರ್ಡ್ ಇದೆಯಾ? ಒಳಗೆ ಸಿಸ್ಟರ್ ಕೂಡ ಎಲ್ಲಿಯವನು ಅಂದರು. ರಕ್ತ ತೆಗೆಯುವವನೂ ಅದನ್ನೇ ಕೇಳಿದ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ, ಆಸ್ಪತ್ರೆಗೆ ಸಂಬಂಧವೇ ಇಲ್ಲದ ಒಬ್ಬ ಮುದುಕಪ್ಪನೂ ಕೇಳಿದ. ಉತ್ತರ ಕೇಳಿದ ಮೇಲೆ ಒಂದು ಗೇಣು ಆಚೆ ಸರಿದ. ಕೊನೆಗೆ ಡಾಕ್ಟರು. ಚಿಕ್ಕ ಹುಡುಗ, ಸುಸ್ತಾಗಿದ್ದ, ಅವನದ್ದೂ ಅದೇ ಪ್ರಶ್ನೆ. ಐದು ಬಾಯಿ, ಒಂದೇ ಮಾತು. ಘಟ್ಟದಾಚೆಯಿಂದ ಬಂದವರನ್ನು ಇಲ್ಲಿ ಹೀಯಾಳಿಸುವ ಘಾಟಿ ಅನ್ನುವ ಶಬ್ದವನ್ನು ಯಾರೂ ಆಡಲಿಲ್ಲ, ಅಷ್ಟರಮಟ್ಟಿಗೆ ಎಲ್ಲರೂ ಸಭ್ಯರು.

ಕಳೆದ ಹದಿನೈದು ದಿನ ಎಲ್ಲಿದ್ದೆ, ಏನು ಕೆಲಸ ಮಾಡಿದೆ ಅಂತ ಒಬ್ಬರಾದರೂ ಕೇಳಬೇಕಲ್ಲ? ಇಲ್ಲ.

ಕೇಳಿದ್ದರೆ ಹೇಳುತ್ತಿದ್ದ. ರಜೆ ಹಾಕಿ ಊರಿಗೆ ಹೋಗುತ್ತೇನೆ ಅಂತ ನನಗೆ ಹೇಳಿ, ಊರಿಗೆ ಹೋಗದೆ ಇಲ್ಲೇ ಗೋವಾದ ಸತ್ತರಿಯಲ್ಲಿ ಗೇರುಹಣ್ಣು ಆರಿಸಲು ಹೋಗಿದ್ದ. ಏಪ್ರಿಲ್ ತಿಂಗಳು, ಕೂಲಿ ಚೆನ್ನಾಗಿ ಸಿಗುತ್ತದೆ. (ಸುಳ್ಳು ಹೇಳಿದ್ದಕ್ಕೆ ಆಮೇಲೆ ನೋಡಿಕೊಳ್ಳುತ್ತೇನೆ.) ಫೆನಿಗೆ, ಅಂದರೆ ಗೋವಾದ ಗೇರುಹಣ್ಣಿನ ಸಾರಾಯಿಗೆ, ಹಣ್ಣನ್ನು ಮರದಿಂದ ಕೀಳುವುದಿಲ್ಲ, ತಾನಾಗಿ ಹಣ್ಣಾಗಿ ಬಿದ್ದದ್ದನ್ನೇ ಆರಿಸುತ್ತಾರೆ. ಅಂದರೆ ಇಡೀ ದಿನ ಬಗ್ಗಿಕೊಂಡು, ಬರಿಗೈ ಬರಿಗಾಲಲ್ಲಿ, ಒಣಗಿದ ಎಲೆಯ ರಾಶಿಯೊಳಗೆ. ಆ ಎಲೆಯೊಳಗೆ ಏನಿರುತ್ತದೆ ಅಂತ ಉತ್ತರ ಕನ್ನಡದ ಸಿದ್ದಾಪುರದಲ್ಲಿ ಹುಟ್ಟಿದ ನನಗೆ ಯಾರೂ ಪಾಠ ಮಾಡಬೇಕಿಲ್ಲ. ಉಣುಗು, ರಕ್ತ ಹೀರುವ ಉಣ್ಣೆ.

ಮಂಗನ ಕಾಯಿಲೆಯ ಹೆಸರು ಕೇಳದೆ ನಮ್ಮ ಕಡೆ ಯಾರೂ ದೊಡ್ಡವರಾಗುವುದಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಹಿಂದೆಯೇ ಜನರಿಗೆ ಜ್ವರ ಬಂತು. ಹಳದಿ ಜ್ವರ ಭಾರತಕ್ಕೂ ಬಂತೇನೋ ಅಂತ ಮೊದಲು ಹೆದರಿದ್ದರಂತೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಬೇರೆಯೇ ವೈರಸ್ಸು. ಕಾಡಿನ ಹೆಸರನ್ನೇ ಇಟ್ಟರು. ಸತ್ತ ಮಂಗನ ಮೈಯಿಂದ ಉದುರಿದ ಉಣುಗು ಸುತ್ತಲಿನ ಎಲೆಯಲ್ಲಿ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದರ ಮರಿಗಳು ಎಳ್ಳಿನಷ್ಟಿರುತ್ತವೆ, ಕಚ್ಚಿದ್ದೇ ಗೊತ್ತಾಗುವುದಿಲ್ಲ. ನಾಲ್ಕೈದು ದಿನದಿಂದ ವಾರದೊಳಗೆ ಜ್ವರ. ಕೆಲವರಿಗೆ ಜ್ವರ ಬಿಟ್ಟು, ಅಬ್ಬಾ ಅನ್ನುವಷ್ಟರಲ್ಲಿ ಮತ್ತೆ ಮರುಕಳಿಸಿ ಮಿದುಳಿಗೇ ಕೈ ಹಾಕುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೀರು, ಜ್ವರದ ಮಾತ್ರೆ, ರಕ್ತಸ್ರಾವ ಆಗದಂತೆ ಕಾಯುವುದು, ಅಷ್ಟೆ. ಹೈಸ್ಕೂಲಿನಲ್ಲಿದ್ದಾಗ ಸೊಪ್ಪಿನ ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೊರಟರೆ ಅಮ್ಮ ಕಾಲಿಗೆ ಉಣುಗು ಹತ್ತದಂತೆ ಡಿಎಂಪಿ ಎಣ್ಣೆ ಹಚ್ಚದೆ ಅಂಗಳ ದಾಟಲು ಬಿಡುತ್ತಿರಲಿಲ್ಲ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಬಯಲುಸೀಮೆಯ ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತು? ಮಂಗನ ಕಾಯಿಲೆ ಅಂದರೆ ಅವನು ಗಲ್ಲ ಮುಟ್ಟಿಕೊಂಡ. ಮಂಗನಬಾವು ಅಂದುಕೊಂಡಿದ್ದ.

ಈಗ ಹೇಳಿ, ಸವದತ್ತಿಯ ಎರೆಮಣ್ಣಿನಿಂದ ಈ ಜ್ವರ ಹೊತ್ತು ತರಲು ಸಾಧ್ಯವಿತ್ತೇ? ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದೂ ಇಲ್ಲ. 2015ರಲ್ಲೇ ಸತ್ತರಿ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿದೆ. ಮರುವರ್ಷ, ಗೋವಾದ ಗೇರು ತೋಟಕ್ಕೆ ಕೂಲಿಗೆ ಬಂದು ಹೋದ ಬೆಳಗಾವಿ ಜಿಲ್ಲೆಯವರಲ್ಲೂ ಪತ್ತೆಯಾಯಿತು. ಅಂದರೆ ಜ್ವರ ಇಲ್ಲಿಂದ ಅಲ್ಲಿಗೆ ಹೋಯಿತು ಸ್ವಾಮಿ, ಅಲ್ಲಿಂದ ಇಲ್ಲಿಗಲ್ಲ! ಅಸಲಿಗೆ ಆ ಗೇರು ಮರವೇ ವಲಸೆ ಬಂದದ್ದು, ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಅದಕ್ಕೆ ಯಾರೂ ಹೆಲ್ತ್ ಕಾರ್ಡ್ ಮಾಡಿಸಿದ ಹಾಗಿಲ್ಲ.

ಹೆಲ್ತ್ ಕಾರ್ಡಿನ ಮಾತು ಬಂತಲ್ಲ. ಕಟ್ಟಡದ ಕೂಲಿಗಳು ಮಲೇರಿಯಾ ತರುತ್ತಾರೆ ಅಂತ ರಕ್ತ ಪರೀಕ್ಷಿಸಿ ಕಾರ್ಡ್ ಕೊಡುವ ಪದ್ಧತಿ ಇಲ್ಲಿದೆ. ಪರೀಕ್ಷೆ ಮಾಡುವುದು ಒಳ್ಳೆಯದೇ, ನಾನೇ ನಮ್ಮ ಹುಡುಗರನ್ನು ಕಳಿಸುತ್ತೇನೆ. ಆದರೆ ಆ ಕಾರ್ಡ್ ಅವತ್ತಿನ ರಕ್ತದ ಕತೆ ಹೇಳುತ್ತದೆ. ಮರುದಿನ ರಾತ್ರಿ ಕಚ್ಚುವ ಸೊಳ್ಳೆಗೆ ಕಾರ್ಡ್ ಓದಲು ಬರುವುದಿಲ್ಲ. ಪಟ್ಟಣದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟಿಫೆನ್ಸಿ ಅನ್ನುವ ಸೊಳ್ಳೆಗೆ ಬೇಕಾದ್ದು ತಿಳಿನೀರು. ಕಾಂಕ್ರೀಟು ಗಟ್ಟಿಯಾಗಲಿ ಅಂತ ಸ್ಲ್ಯಾಬಿನ ಮೇಲೆ ಕ್ಯೂರಿಂಗ್‌ಗೆ ಕಟ್ಟಿದ ನೀರು, ಮುಚ್ಚಳವಿಲ್ಲದ ಟ್ಯಾಂಕು. ಆ ಟ್ಯಾಂಕು ಕೂಲಿಯವನದ್ದಲ್ಲ, ಬಿಲ್ಡರನದ್ದು. ಟ್ಯಾಂಕಿನ ಹತ್ತಿರ ಹೋಗಿ "ತುಂ ಖಂಯ್ಚೊ" ಅಂದವರನ್ನು ನಾನು ಕಂಡಿಲ್ಲ. ಜ್ವರಕ್ಕೆ ಹೆದರಿ ಜನ ಹಳೇ ಗೋವಾ ಬಿಟ್ಟು ಓಡಿದ್ದರು, 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿಯಾಯಿತು. ಆಗ ಯಾವ ಸವದತ್ತಿಯವನು ಬಂದಿದ್ದನೋ.

ಎಲ್ಲಿಂದ ಬಂದೆ ಅಂತ ಕೇಳುವವರು ಮುಂದೆ ಎಲ್ಲಿಗೆ ಹೋಗುತ್ತೀಯಾ ಅಂತಲೂ ಕೇಳುವುದಿಲ್ಲ. ವೈವ್ಯಾಕ್ಸ್ ಅನ್ನುವ ಬಗೆಯ ಮಲೇರಿಯಾ ಲಿವರಿನಲ್ಲಿ ಅಡಗಿ ಕೂರುತ್ತದೆ. ಅದನ್ನು ಬೇರುಸಹಿತ ಕೀಳಲು ಪ್ರೈಮಾಕ್ವಿನ್ ಮಾತ್ರೆ ಹದಿನಾಲ್ಕು ದಿನ ತಪ್ಪದೆ ನುಂಗಬೇಕು. ನಮ್ಮ ಓಣಿಯ ಸೈಟಿನ ಮೇಸ್ತ್ರಿಯೊಬ್ಬ ಆರನೇ ದಿನಕ್ಕೆ ಗಂಟುಮೂಟೆ ಕಟ್ಟಿ ಮಹಾರಾಷ್ಟ್ರದ ಸಾವಂತವಾಡಿಯ ಕೆಲಸಕ್ಕೆ ಹೋದ. ಉಳಿದ ಮಾತ್ರೆ ಗೂಟಕ್ಕೆ ತೂಗಿದ ಅಂಗಿಯ ಕಿಸೆಯಲ್ಲೇ ಉಳಿಯಿತು. ಎರಡು ತಿಂಗಳ ಮೇಲೆ ನಡುಗುತ್ತಾ ವಾಪಸು ಬಂದಾಗ ಜನ ಅಂದದ್ದು, ನೋಡಿ, ಹೊರಗಿನಿಂದ ಮಲೇರಿಯಾ ತಂದ.

ಈಗ ನಮ್ಮ ಗೆಳೆಯರೊಬ್ಬರು (ಯಾರು ಅಂತ ಅವರಿಗೇ ಗೊತ್ತು) ಬರೆಯುತ್ತಾರೆ: ಡಾಕ್ಟರು ದಿನಕ್ಕೆ ಇನ್ನೂರು ಜನರನ್ನು ನೋಡಬೇಕು, ಜಾತಕ ಕೇಳುತ್ತಾ ಕೂರಲು ಸಮಯ ಎಲ್ಲಿ? ಸರಿಯಪ್ಪಾ. ಐದು ಸಲ ಎಲ್ಲಿಯವನು ಅಂತ ಕೇಳಲು ಸಮಯ ಸಿಕ್ಕಿತಲ್ಲ, ಅದರಲ್ಲಿ ಒಂದನ್ನು ಬದಲಿಸಿದ್ದರೆ ಸಾಕಿತ್ತು. ಹೆಚ್ಚಿಗೆ ಒಂದು ನಿಮಿಷವೂ ಬೇಡ.

ಕೊನೆಗೆ ನಾನೇ ಬಾಯಿ ಹಾಕಿದೆ. "ಡಾಕ್ಟರೇ, ಇವನು ಹತ್ತು ದಿನ ಸತ್ತರಿಯ ಗೇರು ತೋಟದಲ್ಲಿದ್ದ." ಆ ಹುಡುಗ ಡಾಕ್ಟರು ಪೆನ್ನು ಕೆಳಗಿಟ್ಟ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ರೋಗಿಯ ಮುಖ ನೋಡಿದ. ಆಮೇಲೆ ಮಾತ್ರ ಒಂದೂ ತಪ್ಪಿಸಲಿಲ್ಲ, ನಿಜ ಹೇಳಬೇಕು. ಕಂಕುಳು, ಮೊಣಕಾಲ ಹಿಂಭಾಗ, ಸೊಂಟದ ದಾರದ ಕೆಳಗೆ ಎಲ್ಲ ಹುಡುಕಿದ. ಮಲೇರಿಯಾ ಇಲ್ಲ, ಪ್ಲೇಟ್‌ಲೆಟ್ ಇಳಿದಿದೆ. ಮಂಗನ ಕಾಯಿಲೆಯ ಪರೀಕ್ಷೆಗೆ ರಕ್ತ ಬೇರೆ ತೆಗೆಸಿದ, ಅಡ್ಮಿಟ್ ಮಾಡಿಸಿದ. ವರದಿ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಬೈದ ಮೇಲೆ ಇದನ್ನೂ ಬರೆದುಬಿಡುತ್ತೇನೆ. ಮೊದಲ ದಿನ ತಲೆ ಹಿಡಿದುಕೊಂಡು ಅಂಗಡಿಗೆ ಬಂದಾಗ ನಾನು ಅವನಿಗೆ ಹೇಳಿದ್ದೇನು ಗೊತ್ತಾ? "ರಾತ್ರಿಯ ಉರ್ರಾಕ್ ಇಳಿದ ಮೇಲೆ ಬಾ." ಉರ್ರಾಕ್ ಅಂದರೆ ಗೇರುಹಣ್ಣಿನ ಮೊದಲ ಭಟ್ಟಿಯ ಸಾರಾಯಿ. ಸಿದ್ದಾಪುರದವನು ನಾನು, ಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಸಿಕೊಂಡು ಬೆಳೆದವನು. ಕೆಂಪು ಕಣ್ಣು ಕಂಡರೆ ನನಗೆ ನೆನಪಾದದ್ದು ಬಾಟಲಿ. ನಾನೂ ಕೇಳಲಿಲ್ಲ. ಮೂರು ದಿನ ಹಾಗೇ ಹೋಯಿತು.

ಸಂಜೆ ಗಂಜಿ, ಉಪ್ಪಿನಕಾಯಿ ತೆಗೆದುಕೊಂಡು ಹೋಗಿದ್ದೆ. ಎರಡು ಗುಟುಕು ಕುಡಿದ. ಆಮೇಲೆ ಮೆಲ್ಲಗೆ, "ಸಾವ್ಕಾರ್ರ, ಒಂದ್ ಮಾತ್ ಕೇಳ್ಲ್ಯಾ? ಚೀಟಿ ಬರಿಯೋರು ನಿಮ್ಮನ್ನೂ ಎಲ್ಲಿಯವ್ರು ಅಂತ ಕೇಳಿದ್ರಲ್ರೀ. ನೀವ್ ಪೋಂಡಾ ಅಂದ್ರಿ. ಸಿದ್ದಾಪುರ ಅನ್ನಲಿಲ್ಲ ಯಾಕ್ರೀ?"

ಗಂಜಿ ಆರುತ್ತದೆ, ಕುಡಿ ಅಂದೆ.