ಗುಂಡನ ಪಗಾರ

ನಮ್ಮ ಗುಂಡನಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. 'ಕೂಡು' ಅಂದರೆ ಕೂಡಬೇಕು, 'ಬಾ' ಅಂದರೆ ಬರಬೇಕು, 'ಬಿಡು' ಅಂದರೆ ಬಾಯಲ್ಲಿರುವ ನನ್ನ ಚಪ್ಪಲಿ ಬಿಡಬೇಕು. ಎಲ್ಲ ಗೊತ್ತು. ಹೇಳಿದ ಕೂಡಲೇ ನನ್ನ ಮುಖ ನೋಡುತ್ತಾನೆ. ಆಮೇಲೆ ಕೈ ನೋಡುತ್ತಾನೆ. ಕೈ ಖಾಲಿ ಇದ್ದರೆ ಮಾತುಕತೆ ಅಲ್ಲಿಗೆ ಮುಗಿಯಿತು.

ಗುಂಡ ಮುಧೋಳ ನಾಯಿ. ಹೆಸರಿಗಷ್ಟೇ ಗುಂಡ, ಮೈಯೆಲ್ಲ ಪಕ್ಕೆಲುಬು. ಧಾರವಾಡದ ನಮ್ಮ ಓಣಿಗೆ ಹೊಸಬರು ಯಾರೇ ಬಂದರೂ ಮೊದಲು ಕೇಳುವುದು, "ನಾಯಿಗೆ ಊಟಾ ಹಾಕೂದಿಲ್ಲೇನ್ರಿ?" ಈ ತಳಿಯೇ ಹೀಗೆ ಅಂತ ಹೇಳಿ ಹೇಳಿ ಸಾಕಾಗಿದೆ. ಈಗ ಸುಮ್ನೆ "ಹಾಕ್ತೇವ್ರಿ" ಎಂದು ಒಳಗೆ ಹೋಗುತ್ತೇನೆ.

ದೊಡ್ಡ ಮನೆತನದವನು ಬೇರೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯ ಮರಿಗಳನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಸ್ಟಾಂಪು ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇವರಿಗಾಗಿಯೇ ಸಂಶೋಧನಾ ಕೇಂದ್ರವಿದೆ. ಇಂಥವನ ಮುಂದೆ ನಾನು ನೈಟಿ ಮೇಲೊಂದು ದುಪಟ್ಟಾ ಹೊದ್ದು ಅಂಗಳದಲ್ಲಿ ನಿಂತು 'ಕೂಡು' ಅಂದರೆ ಅವನು ಕೂಡಬೇಕಂತೆ.

ತಪ್ಪು ಅವನದಲ್ಲ. ಕುರಿ ಕಾಯುವ ಕೋಲಿಯಂಥ ನಾಯಿ ಕುರುಬನ ಸಿಳ್ಳೆ ಕೇಳಿ, ಕೈಸನ್ನೆ ನೋಡಿ ಕೆಲಸ ಮಾಡುತ್ತದೆ. ಮುಧೋಳ ಹಾಗಲ್ಲ. ಇದು ಕಣ್ಣಲ್ಲಿ ನೋಡಿ ಬೇಟೆ ಬೆನ್ನಟ್ಟಿ ಹಿಡಿಯುವ ಜಾತಿ. ಹೊಲದಲ್ಲಿ ಮೊಲ ಎದ್ದರೆ ನಾಯಿ ಮುಂದೆ, ಯಜಮಾನ ಎಲ್ಲೋ ಹಿಂದೆ ಏದುಸಿರು ಬಿಡುತ್ತ. ಮೊಲ ಗಕ್ಕನೆ ತಿರುಗಿದಾಗ ಎಡಕ್ಕೋ ಬಲಕ್ಕೋ ಅಂತ ಯಾರನ್ನು ಕೇಳಬೇಕು? ತಲೆಮಾರುಗಟ್ಟಲೆ ಸ್ವಂತ ಬುದ್ಧಿಯಿಂದ ನಡೆದ ವಂಶ. 1994ರಲ್ಲಿ ಸ್ಟ್ಯಾನ್ಲಿ ಕೋರೆನ್ ಎಂಬ ಮನಶ್ಶಾಸ್ತ್ರಜ್ಞರು, ಹೇಳಿದ ಮಾತು ಕೇಳುವುದರಲ್ಲಿ ಯಾವ ತಳಿ ಎಷ್ಟನೆಯದು ಅಂತ ಒಂದು ಪಟ್ಟಿ ಮಾಡಿದರು. ಕಟ್ಟಕಡೆಗೆ ಇದ್ದದ್ದು ಆಫ್ಘನ್ ಹೌಂಡ್, ಇದೇ ಜಾತಿಯ ಬೇಟೆ ನಾಯಿ. ಆ ಪಟ್ಟಿಯಲ್ಲಿ ಮುಧೋಳ ಇರಲೇ ಇಲ್ಲ. ಒಳ್ಳೆಯದೇ ಆಯಿತು.

ಮರಿ ಕೊಟ್ಟ ಮುಧೋಳದ ಕಾಕಾ ಒಂದೇ ಮಾತು ಹೇಳಿದ್ದರು. "ಅಕ್ಕಾರ, ಇದಕ್ಕ ಹೊಡೀಬ್ಯಾಡ್ರಿ. ಹೊಡದ್ರ ಕಲಿಯೂದಿಲ್ಲ, ಸಿಟ್ಟ ಹಿಡೀತೈತಿ."

ನಮ್ಮ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂದು ದಪ್ಪ ಕಬ್ಬಿಣದ ಸರಪಳಿ ತಂದುಕೊಟ್ಟರು. ತೋಳದ ಗುಂಪಿಗೆ ಒಬ್ಬ ನಾಯಕ ಇರುತ್ತಾನೆ, ಮನೆಯಲ್ಲಿ ಆ ನಾಯಕಿ ನೀವಾಗಬೇಕು, ಬಾಗಿಲು ದಾಟುವಾಗ ನೀವೇ ಮುಂದಿರಬೇಕು ಎಂದರು. ಮುಧೋಳ ನಾಯಿಗಿಂತ ಮುಂದೆ ಬಾಗಿಲು ದಾಟಿದ ಮನುಷ್ಯರನ್ನು ನಾನಂತೂ ಕಂಡಿಲ್ಲ.

ಈ ನಾಯಕನ ಕಥೆಗೂ ಒಂದು ಹಿನ್ನೆಲೆ ಇದೆ. ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳು ಜಗಳಾಡುವುದನ್ನು ನೋಡಿ 1947ರಲ್ಲಿ ಬರೆದದ್ದು ಇದರ ಮೂಲ. ಆಮೇಲೆ ಡೇವಿಡ್ ಮೆಕ್ ಎಂಬ ವಿಜ್ಞಾನಿ ಇದನ್ನು ಲೋಕಕ್ಕೆಲ್ಲ ಹಬ್ಬಿಸಿದರು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಅವರೇ 1999ರಲ್ಲಿ ಹಾಗಲ್ಲ ಎಂದು ಬರೆದರು. ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ಇದನ್ನೆಲ್ಲ ಮಾಸ್ತರರಿಗೆ ವಿವರಿಸಿದೆ. ಗಂಭೀರವಾಗಿ ಕೇಳಿಸಿಕೊಂಡು, "ಹಂಗಾದ್ರ ನೀವು ಅದರ ಅವ್ವ ಆಗ್ರಿ" ಎಂದರು. ಸರಪಳಿಯನ್ನು ನಮ್ಮ ಅತ್ತೆ ಹಿತ್ತಲ ಗೇಟಿಗೆ ಹಾಕಿದ್ದಾರೆ.

ಅಂಗಡಿಯ ಮಾಮೂಲಿ ಬೆಲ್ಟೂ ಇವನಿಗೆ ನಡೆಯಲಿಲ್ಲ. ಈ ತಳಿಯ ತಲೆ ಸಪೂರ. ಎರಡು ಹೆಜ್ಜೆ ಹಿಂದೆ ಸರಿದರೆ ಬೆಲ್ಟು ಕಳಚಿ ಬೀಳುತ್ತದೆ. ಸಂತೆಯಲ್ಲಿ ಹೀಗೇ ಆಯಿತು. ನಾನು ಖಾಲಿ ಬೆಲ್ಟು ಎಳೆಯುತ್ತ "ಬಾ ಗುಂಡ, ಬಾ ಬಂಗಾರ" ಎನ್ನುತ್ತ ಸುಮಾರು ದೂರ ನಡೆದಿದ್ದೆ. ಮೆಣಸಿನಕಾಯಿ ಮಾರುವ ಅಜ್ಜಿ, "ಯಾರನ್ನ ಕರೀಲಿಕ್ಕತ್ತೀಯವಾ?" ಎಂದಾಗಲೇ ಹಿಂದೆ ತಿರುಗಿದ್ದು.

ಹೊಡೆಯುವ ಹಾಗಿಲ್ಲ, ಎಳೆಯುವ ಹಾಗಿಲ್ಲ ಅಂದಮೇಲೆ ಉಳಿದದ್ದು ಪಗಾರ. ಕೆಲಸ ಮಾಡು, ತಗೋ. ಬಿಸ್ಕತ್ತನ್ನು ಗುಂಡ ಮೂಸಿ ನೋಡಿ ಅಲ್ಲೇ ಬಿಟ್ಟ. ಪನೀರು ಮನೆಯೊಳಗೆ ನಡೆಯಿತು, ಅಂಗಳದಲ್ಲಿ ಅಳಿಲು ಕಂಡರೆ ಅದಕ್ಕೂ ಬೆಲೆ ಇಲ್ಲ. ಬೇಯಿಸಿದ ತತ್ತಿ ಎಲ್ಲ ಕಡೆ ನಡೆಯುತ್ತದೆ. ಆದರೆ ನಮ್ಮದು ತತ್ತಿ ಕಾಣದ ಅಡಿಗೆಮನೆ. ಅತ್ತೆ ಬಹಳ ಯೋಚಿಸಿ ಹಿತ್ತಲಿನ ನೀರೊಲೆ, ಕೆಂಪು ಬಣ್ಣ ಬಳಿದ ಒಂದು ಪಾತ್ರೆ, ಒಂದು ಚಮಚ ಮಂಜೂರು ಮಾಡಿದರು. ಪಾತ್ರೆ ಒಳಗೆ ಬರುವ ಹಾಗಿಲ್ಲ. ಗುಂಡ ಬರಬಹುದು.

ಇನ್ನು ಟಿಕ್ ಅನ್ನುವ ಕ್ಲಿಕ್ಕರ್ ವಿಷಯ. ನಾಯಿ ಸರಿಯಾದ ಕೆಲಸ ಮಾಡಿದ ಆ ಗಳಿಗೆಯಲ್ಲೇ ಟಿಕ್ ಅನ್ನಿಸಬೇಕು, ಕೂಡಲೇ ತಿನಿಸು ಕೊಡಬೇಕು. ಯಾವ ಕೆಲಸಕ್ಕೆ ಪಗಾರ ಬಂತು ಅಂತ ಅದಕ್ಕೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ತರಿಸಿದ ಕ್ಲಿಕ್ಕರನ್ನು ಮಗ ಶಾಲೆಗೆ ಒಯ್ದ, ಅದು ಮರಳಿ ಬರಲಿಲ್ಲ. "ಗ್ಯಾಸ್ ಲೈಟರ್ ಅದ ಅಲ್ಲಾ, ಅದೂ ಟಕ್ ಅಂತದ" ಎಂದರು ನಮ್ಮ ಯಜಮಾನರು. ಲೈಟರ್ ಹಿಡಿದು ಅಂಗಳಕ್ಕಿಳಿದೆವು. ಕೂತರೆ ಟಕ್, ತತ್ತಿ. ಬಿಟ್ಟರೆ ಟಕ್, ತತ್ತಿ. ಗುಂಡ ಪಟಪಟನೆ ಕಲಿತ.

ಬೆಳಿಗ್ಗೆ ಅತ್ತೆ ಚಹಾಕ್ಕೆ ಒಲೆ ಹಚ್ಚಿದರು. ಟಕ್, ಟಕ್, ಟಕ್. ಗುಂಡ ಆಗ ಹಾಲ್‌ನಲ್ಲಿ ಸೋಫಾ ದಿಂಬಿನ ಹತ್ತಿ ಹಿಂಜುತ್ತಿದ್ದ. ಮೂರು ಟಕ್ ಅಂದರೆ ಮೂರು ಪಗಾರ. ಹತ್ತಿ ಬಾಯಲ್ಲಿಟ್ಟುಕೊಂಡೇ ಅಡಿಗೆಮನೆಗೆ ಓಡಿದ. "ಪಾಪ, ತಾನs ಬಂದದ. ಬರೀ ಕೈಲೆ ಕಳಸೂದ ಹ್ಯಾಂಗ?" ಅಂತ ಅತ್ತೆ ರೊಟ್ಟಿಚೂರು ಕೊಟ್ಟರು. ಶಾಸ್ತ್ರದ ಪ್ರಕಾರ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಆಮೇಲೆ ಗುಂಡ ಚಹಾದ ಹೊತ್ತಿಗೆ ದಿಂಬು ಹಿಡಿದು ತಯಾರಾಗಿ ಕೂಡತೊಡಗಿದ. ಮಧ್ಯಾಹ್ನ ನೆಂಟರು ಬಂದು ಎರಡನೇ ಸಲ ಒಲೆ ಹಚ್ಚಿದರೆ ಇನ್ನೊಂದು ದಿಂಬು.

ಲೈಟರ್ ಬಿಟ್ಟು ಈಗ ನಾಲಿಗೆಯಲ್ಲೇ ಲೊಚ್ ಅನ್ನಿಸುತ್ತೇನೆ. ಗುಂಡನಿಗೆ ಅಡ್ಡಿಯಿಲ್ಲ. ರಸ್ತೆಯಲ್ಲಿ ಹೋಗುವವರು ಮಾತ್ರ ನಿಂತು, "ಯಾಕ್ರಿ, ಏನಾತು?" ಎಂದು ಕಳವಳದಿಂದ ಕೇಳುತ್ತಾರೆ.

ಅಳಿಲಿನ ವ್ಯಾಜ್ಯ ಬಗೆಹರಿಸಿದ್ದು ಡೇವಿಡ್ ಪ್ರೀಮ್ಯಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಲೆಕ್ಕ. ಬಹಳ ಇಷ್ಟದ ಕೆಲಸವನ್ನೇ ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನ ಮಾಡಬಹುದು ಅಂತ ಅವರ ವಾದ. ಹೋಮ್‌ವರ್ಕ್ ಮುಗಿಸು, ಆಮೇಲೆ ಆಟಕ್ಕೆ ಹೋಗು ಎನ್ನುವ ಎಲ್ಲ ಅವ್ವಂದಿರಿಗೂ ಇದು ಗೊತ್ತೇ ಇದೆ, ಹೆಸರು ಮಾತ್ರ ಪ್ರೀಮ್ಯಾಕ್ ಅವರಿಗೆ ಹೋಯಿತು. ಗುಂಡನ ಮೈಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿದೆ. ಮಾವಿನ ಮರದಲ್ಲಿ ಅಳಿಲು ಕಂಡಾಗ ನಾನು ಎಳೆಯಲೂ ಇಲ್ಲ, ಕೂಗಲೂ ಇಲ್ಲ, ನಿಂತೆ. ಬಹಳ ಹೊತ್ತಾದ ಮೇಲೆ, ಇವಳಿಗೇನಾಯಿತು ಅಂತ ಒಮ್ಮೆ ತಿರುಗಿ ನೋಡಿದ. ಲೊಚ್! ಹಗ್ಗ ಸಡಿಲ ಬಿಟ್ಟು ಅವನ ಜೊತೆ ಮರದ ತನಕ ಓಡಿದೆ. ಈಗ ಅಳಿಲು ಕಂಡರೆ ಮೊದಲು ನನ್ನ ಮುಖ ನೋಡುತ್ತಾನೆ. ಅಳಿಲು ಅಷ್ಟರಲ್ಲಿ ತುದಿಕೊಂಬೆ ಸೇರಿರುತ್ತದೆ. ಓಡುವುದೇ ಪಗಾರ, ಆದ್ದರಿಂದ ಅವನಿಗೆ ನಷ್ಟವಿಲ್ಲ. ನನ್ನ ಮಂಡಿಯ ಮಾತು ಬೇರೆ.

ಕರೆದರೆ ಬರುವ ಪಾಠವೊಂದು ಬಾಕಿ ಇತ್ತು. 'ಬಾ' ಅನ್ನುವುದನ್ನು ನಾವೆಲ್ಲ ಸೇರಿ ಕೆಡಿಸಿದ್ದೆವು. ಸ್ನಾನಕ್ಕೆ ಬಾ, ಉಗುರು ಕತ್ತರಿಸಬೇಕು ಬಾ, ಆಟ ಸಾಕು ಬಾ. ಯಾರು ಬರುತ್ತಾರೆ? ಅದಕ್ಕೇ ಒಂದು ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಪುಟಾಣಿ ಹಾಕಿ ಅಲ್ಲಾಡಿಸುವುದು ಅಂತಾಯಿತು. ಸಪ್ಪಳಕ್ಕೆ ಬಂದರೆ ತತ್ತಿ, ಉಗುರಿನ ಸುದ್ದಿ ಇಲ್ಲ.

ಮೊನ್ನೆ ಯಾರೋ ಗೇಟು ತೆರೆದಿಟ್ಟು ಹೋಗಿದ್ದರು. ಓಣಿಯಲ್ಲಿ ಆಡಿನ ಹಿಂಡು ಹೊರಟಿತ್ತು. ಗುಂಡ ಬಾಣ ಬಿಟ್ಟ ಹಾಗೆ ಹಾರಿದ. ನಾನು ಡಬ್ಬಿ ಅಲ್ಲಾಡಿಸಿದೆ. ಓಣಿಯ ಕೊನೆಯಲ್ಲಿ ಗಕ್ಕನೆ ನಿಂತ. ಆಡು ನೋಡಿದ, ನನ್ನನ್ನು ನೋಡಿದ, ಮತ್ತೆ ಆಡು ನೋಡಿದ. ಬಂದ! ಅವನ ಹಿಂದೆ ಬೀದಿಯ ಎರಡು ನಾಯಿ ಬಂದವು. ಅವುಗಳ ಹಿಂದೆ ಒಂದು ಆಡೂ ಬಂತು. ಗುಂಡನಿಗೆ ತತ್ತಿ ಕೊಟ್ಟು, ನಾಯಿಗಳಿಗೂ ಹಂಚುವಷ್ಟರಲ್ಲಿ ಆಡು ಡಬ್ಬಿಗೇ ಬಾಯಿ ಹಾಕಿ ಪುಟಾಣಿ ಮುಗಿಸಿತು. ಮಾಸ್ತರರು ತಮ್ಮ ಗೇಟಿಗೆ ಆತು ನಿಂತು ಎಲ್ಲವನ್ನೂ ನೋಡುತ್ತಿದ್ದರು.

ಆಡು ಕಾಯುವ ಹುಡುಗ ಓಡುತ್ತ ಬಂದ. ಬೈಯುತ್ತಾನೇನೋ ಅಂದುಕೊಂಡೆ.

"ಅಕ್ಕಾರ, ಆ ಡಬ್ಬಿ ಇನ್ನೊಮ್ಮಿ ಅಲ್ಲಾಡಸ್ರಿ. ಎರಡು ಆಡು ಬಸ್‌ಸ್ಟ್ಯಾಂಡ್ ಕಡೆ ಹೋಗ್ಯಾವು."