ಅಡುಗೆಮನೆಯ ಬಿಳಿ ಬಣ್ಣ ಸೆಖೆ ಇಳಿಸುವುದಿಲ್ಲ

ಅಡುಗೆಮನೆಯ ಒಳಗೋಡೆಗೆ ಬಿಳಿ ಬಣ್ಣ ಹೊಡೆಸಿದರೆ ಸೆಖೆ ಇಳಿಯುತ್ತದೆ, ಕಡು ಬಣ್ಣ ಒಲೆಯ ಬಿಸಿ ಹೀರಿಕೊಂಡು ಕಾಯುತ್ತದೆ ಅಂತ ಒಂದು ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಬಿಳಿ ತಂಪು ಕೊಡುವುದು ನೇರ ಬಿಸಿಲು ಬೀಳುವ ತಾರಸಿ, ಹೊರಗೋಡೆಗಳಲ್ಲಿ. ಒಲೆಯಿಂದ ಬರುವುದು ಬಿಸಿ ಗಾಳಿ ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ. ಆ ಕಿರಣದ ಮಟ್ಟಿಗೆ ಮಾಮೂಲಿ ಪೇಂಟ್ ಬಿಳಿಯಾದರೂ ಕಡು ನೀಲಿಯಾದರೂ ಒಂದೇ, ಎರಡೂ ಶೇ. 90ರ ಆಸುಪಾಸು ಹೀರಿಕೊಳ್ಳುತ್ತವೆ. ಸೆಖೆಗೆ ಬೇಕಾಗಿರುವುದು ಎಕ್ಸಾಸ್ಟ್ ಫ್ಯಾನ್, ಗಾಳಿಯಾಡುವ ಕಿಟಕಿ.

ತಿಳಿ ಬಣ್ಣದಿಂದ ಬೆಳಕು ಜಾಸ್ತಿ ಕಾಣುವುದು ನಿಜ, ಕಿಟಕಿ ಚಿಕ್ಕದಿದ್ದರೆ ಅದನ್ನೇ ಆರಿಸಿ. ಒಗ್ಗರಣೆ ಸಿಡಿಯುವ ಕಡೆ ಮಾತ್ರ ಮ್ಯಾಟ್ (ಹೊಳಪಿಲ್ಲದ) ಬಿಳಿ ಬೇಡ, ಅರಿಶಿನದ ಕಲೆ ಸುಲಭಕ್ಕೆ ಹೋಗುವುದಿಲ್ಲ. ಸುಮ್ನೆ ಸೆಖೆಯ ಭಯಕ್ಕೆ ಇಷ್ಟದ ಬಣ್ಣ ಬಿಡಬೇಡಿ, ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ.